ಸಹಾಯ ಬೇಕು: 1970ರ ಷೆವರ್ಲೆ ಶೆವೆಲ್ ಎಸ್‌ಎಸ್ 396 ಕಾರಿಗೆ ಆ ಕಾಲದ್ದೇ ಫ್ಯೂಯಲ್ ಫಿಲ್ಟರ್

350 ಅಶ್ವಶಕ್ತಿಯ ಎಲ್34 ಎಂಜಿನ್, ರೋಚೆಸ್ಟರ್ ಕ್ವಾಡ್ರಜೆಟ್ ಕಾರ್ಬ್ಯುರೇಟರ್ (ಪೆಟ್ರೋಲ್-ಗಾಳಿ ಬೆರೆಸೋ ಭಾಗ, ಮುಂದೆ ಬರೀ ಕಾರ್ಬ್). (ಹೆಸರು 396, ಆ ವರ್ಷ ಒಳಗಿರೋದು 402 ಘನ ಇಂಚು!) ಪಂಪಿನಿಂದ ಬರೋ 3/8 ಇಂಚಿನ ಸ್ಟೀಲ್ ಪೈಪನ್ನು ಯಾರೋ ಮಧ್ಯೆ ಕತ್ತರಿಸಿ, ರಬ್ಬರ್ ಹೋಸ್ ಸಿಕ್ಕಿಸಿ ಗಾಜಿನ ಫಿಲ್ಟರ್ ಕೂರಿಸಿದ್ದಾರೆ. ನೋಡೋಕೆ ಚೆಂದ, ಆದರೆ ಕ್ಲಾಂಪ್ ಸಡಿಲವಾದರೆ ಪೆಟ್ರೋಲ್ ನೇರ ಬಿಸಿ ಎಂಜಿನ್ ಮೇಲೆ. ಅದನ್ನು ಕಿತ್ತು ಹೊಸ ಪೈಪ್ ಹಾಕುವುದು ಖಚಿತ.

ಫ್ಯಾಕ್ಟರಿ ಫಿಲ್ಟರ್ ಇರೋದು ಕಾರ್ಬ್‌ನ ಇನ್ಲೆಟ್ ನಟ್ (ಪೈಪ್ ಬಂದು ಸೇರೋ ದೊಡ್ಡ ನಟ್) ಒಳಗೆ. ಅಲ್ಲೇ ಪ್ರಶ್ನೆ: ಕಾರ್ ಶೋ ಜಡ್ಜಿಂಗ್‌ಗೆ ಕಂಚಿನ ಫಿಲ್ಟರ್ ಸರಿಯೋ, ಪೇಪರ್ ಸರಿಯೋ? ಅಂಗಡಿಯವರು ಕೊಡ್ತಿರೋದು ಚೆಕ್ ವಾಲ್ವ್ (ಪೆಟ್ರೋಲನ್ನು ಒಂದೇ ದಿಕ್ಕಿಗೆ ಬಿಡೋ ಕವಾಟ) ಇರೋ ಪೇಪರ್ ಫಿಲ್ಟರ್. ಅದು 1976ರ ಆಸುಪಾಸಿನ ಸುರಕ್ಷತಾ ನಿಯಮದ ನಂತರದ್ದು, ಈ ಗಾಡಿಗೆ ಬೇಡ. ಉದ್ದದಲ್ಲೂ ಸುಮಾರು 1 ಇಂಚು, 2 ಇಂಚು ಎರಡೂ ಸಿಗುತ್ತವೆ. ಮುಟ್ಟದ 1970ರ ಕಾರ್ಬ್ ಇದ್ದವರು ಫಿಲ್ಟರ್ ಉದ್ದ, ನಟ್‌ನ ಥ್ರೆಡ್ (7/8-20 ಅಥವಾ 1-20, ಅಂದರೆ ಇಂಚಿನಲ್ಲಿ ವ್ಯಾಸ, ಇಂಚಿಗೆ 20 ಸುತ್ತು) ಅಳೆದು, ಫೋಟೋ ಸಮೇತ ಹಾಕ್ತೀರಾ?

ಬಿಚ್ಚುವಾಗ ದೊಡ್ಡ ನಟ್‌ಗೆ 1 ಇಂಚಿನ ಸ್ಪ್ಯಾನರ್ ಹಿಡಿದು, ಪೈಪ್ ನಟ್ಟನ್ನು 5/8 ಇಂಚಿನ ಫ್ಲೇರ್ ಸ್ಪ್ಯಾನರ್‌ನಲ್ಲೇ (ಪೈಪ್ ನಟ್ಟನ್ನು ಸುತ್ತ ಹಿಡಿಯುವಂಥದ್ದು) ತಿರುಗಿಸಿ. ಕಾರ್ಬ್ ಬಾಡಿ ಮೆತ್ತಗಿನ ಸತು, ಥ್ರೆಡ್ ಹೋದರೆ ಮುಗೀತು. ವಾಪಸ್ ಹಾಕುವಾಗ ಸ್ಪ್ರಿಂಗ್ ಒಳಗೆ ಮೊದಲು, ಪೇಪರ್ ಫಿಲ್ಟರ್ ಆದರೆ ಅದರ ತೆರೆದ ಬಾಯಿ ನಟ್ ಕಡೆಗೆ. ಸ್ಪ್ರಿಂಗ್ ಮರೆತರೆ ಕಸ ಪಕ್ಕದಿಂದ ನುಗ್ಗಿ ನೀಡಲ್ ಸೀಟಿನಲ್ಲಿ (ಪೆಟ್ರೋಲ್ ಒಳಬರೋದನ್ನು ತಡೆಯೋ ಸೂಜಿ ಕವಾಟದ ಬಾಯಿ) ಕೂರುತ್ತೆ, ಕಾರ್ಬ್ ತುಂಬಿ ಹರಿಯುತ್ತೆ.