ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮತ್ತೆ ಕಟ್ಟುವಾಗ ಗೇರ್ ಎಷ್ಟು ಬಿಗಿಯಾಗಿ ಬೀಳಬೇಕು?

ಪ್ರಶ್ನೆ: ನಾನು ಟೆಕ್ಸಾಸಿನಲ್ಲಿದ್ದೇನೆ. 2002ರ ಶೆವರ್ಲೆ ಸಿಲ್ವೆರಾಡೊ 1500 ಪಿಕಪ್ ಟ್ರಕ್ಕಿನ 4ಎಲ್60ಇ ಗೇರ್‌ಬಾಕ್ಸನ್ನು ಮನೆಯ ಗ್ಯಾರೇಜಿನಲ್ಲಿ ಬಿಚ್ಚಿಟ್ಟಿದ್ದೇನೆ. ಟ್ರೇಲರ್ ಎಳೆದೂ ಎಳೆದೂ ಮೂರು-ನಾಲ್ಕನೇ ಗೇರಿನ ಕ್ಲಚ್ ಪ್ಲೇಟುಗಳು ಸುಟ್ಟು ಕರಕಲಾಗಿವೆ. ಮತ್ತೆ ಕಟ್ಟುವಾಗ ಗೇರ್ ಬಿಗಿಯಾಗಿ ಬೀಳುವಂತೆ ಮಾಡಬೇಕೆಂದಿದ್ದೇನೆ. ಸೆಪರೇಟರ್ ಪ್ಲೇಟಿನ (ಎಣ್ಣೆಯ ದಾರಿಗಳ ನಡುವಿನ ಲೋಹದ ತಗಡು) ರಂಧ್ರಗಳನ್ನು ಶಿಫ್ಟ್ ಕಿಟ್ಟಿನಲ್ಲಿರುವ (ಗೇರ್ ಬೀಳುವ ರೀತಿಯನ್ನು ಬದಲಿಸುವ ಭಾಗಗಳ ಕಟ್ಟು) ದೊಡ್ಡ ಡ್ರಿಲ್ ಬಿಟ್ಟಿನಿಂದಲೇ ಕೊರೆಯಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಸರ್, ಇದೇ ಗೇರ್‌ಬಾಕ್ಸನ್ನು ನನ್ನ ಟ್ರಕ್ಕಿಗಾಗಿ ಎರಡು ಸಲ ಕಟ್ಟಿದ್ದೇನೆ, ಮತ್ತು ಎರಡನೆಯ ಸಲ ಕಟ್ಟಬೇಕಾಗಿ ಬಂದದ್ದು ನೀವು ಈಗ ಯೋಚಿಸುತ್ತಿರುವ ಕೆಲಸವನ್ನೇ ಮೊದಲ ಸಲ ಮಾಡಿದ್ದರಿಂದ. ದೊಡ್ಡ ರಂಧ್ರ, ಗಟ್ಟಿ ಅಕ್ಯುಮ್ಯುಲೇಟರ್ ಸ್ಪ್ರಿಂಗ್, ಕಾರ್ವೆಟ್ ಕಾರಿನ ಸರ್ವೋ (ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿಯಾದ ಬ್ಯಾಂಡನ್ನು ಎಣ್ಣೆಯ ಒತ್ತಡದಿಂದ ಬಿಗಿಯುವ ಪಿಸ್ಟನ್), ಈ ಮೂರನ್ನೂ ಒಟ್ಟಿಗೆ ಹಾಕಿದ್ದೆ. ಒಂದರಿಂದ ಎರಡಕ್ಕೆ ಗೇರ್ ಬೀಳುವಾಗ ಹಿಂದಿನಿಂದ ಯಾರೋ ಗುದ್ದಿದಂತಾಗುತ್ತಿತ್ತು. ಕೆಲವೇ ತಿಂಗಳಲ್ಲಿ ಸನ್ ಶೆಲ್ಲಿನ (ನಡುವಿನ ಸನ್ ಗೇರಿಗೆ ಜೋಡಿಸಿರುವ ಡ್ರಮ್ಮಿನಂಥ ಭಾಗ) ಹಲ್ಲುಗಳು ಸವೆದುಹೋಗಿ ಎರಡು, ನಾಲ್ಕು ಮತ್ತು ರಿವರ್ಸ್ ಮೂರೂ ಇಲ್ಲವಾದವು.

ಗೇರ್ ಬಿಗಿಯಾಗಿ ಬೀಳುವುದೆಂದರೆ ಕ್ಲಚ್ ಅಥವಾ ಬ್ಯಾಂಡ್ ಜಾರುತ್ತಾ ಹಿಡಿಯುವ ಅವಧಿ ಕಡಿಮೆಯಾಗುವುದು. ಆ ಅವಧಿಯನ್ನು ನಿರ್ಧರಿಸುವ ಸಂಗತಿಗಳು ಮೂರು: ಪಂಪು ಕೊಡುವ ಲೈನ್ ಪ್ರೆಷರ್ (ಎಣ್ಣೆಯ ಮುಖ್ಯ ಒತ್ತಡ), ಎಣ್ಣೆ ಹಾದುಹೋಗುವ ರಂಧ್ರದ ಅಳತೆ, ಮತ್ತು ಬಂದ ಎಣ್ಣೆಯಲ್ಲಿ ಒಂದು ಪಾಲನ್ನು ತನ್ನೊಳಗೆ ಎಳೆದುಕೊಂಡು ಹೊಡೆತವನ್ನು ಮೃದುಗೊಳಿಸುವ ಅಕ್ಯುಮ್ಯುಲೇಟರ್. ರಂಧ್ರದ ವಿಷಯದಲ್ಲಿ ಕಣ್ಣು ಮೋಸ ಮಾಡುತ್ತದೆ. 0.080 ಇಂಚಿನ ರಂಧ್ರವನ್ನು 0.100ಕ್ಕೆ ಹಿಗ್ಗಿಸಿದರೆ ವ್ಯಾಸ ಹೆಚ್ಚುವುದು ಕಾಲು ಭಾಗ ಮಾತ್ರ, ಆದರೆ ಎಣ್ಣೆಗೆ ಸಿಗುವ ದಾರಿಯ ವಿಸ್ತೀರ್ಣ ಶೇ. 56ರಷ್ಟು ಹೆಚ್ಚುತ್ತದೆ. ಕೊರೆದ ಲೋಹವನ್ನು ಮತ್ತೆ ತುಂಬಲಾಗುವುದಿಲ್ಲ, ಹೊಸ ಪ್ಲೇಟನ್ನೇ ತರಬೇಕು. ಆದ್ದರಿಂದ ಕಿಟ್ಟಿನ ಸೂಚನೆಯಲ್ಲಿ ಹೇಳಿರುವ ಅತಿ ಚಿಕ್ಕ ಅಳತೆಯಿಂದಲೇ ಆರಂಭಿಸಿ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಬಿಗಿತವನ್ನು ನಿರ್ಧರಿಸುವ ಭಾಗಗಳಲ್ಲಿ ಬಹುಪಾಲನ್ನು ಗೇರ್‌ಬಾಕ್ಸ್ ಟ್ರಕ್ಕಿನಲ್ಲಿದ್ದಾಗಲೇ ತಲುಪಬಹುದು: ಆಯಿಲ್ ಪ್ಯಾನ್ ಇಳಿಸಿದರೆ ವಾಲ್ವ್ ಬಾಡಿ (ಎಣ್ಣೆಯನ್ನು ಬೇಕಾದ ಕಡೆಗೆ ಹಂಚುವ ವಾಲ್ವುಗಳ ಜೋಡಣೆ), ಸೆಪರೇಟರ್ ಪ್ಲೇಟ್, ಅಕ್ಯುಮ್ಯುಲೇಟರುಗಳು, ಲೈನ್ ಪ್ರೆಷರ್ ಏರಿಸುವ ಪಂಪಿನ ಬೂಸ್ಟ್ ವಾಲ್ವ್ ಎಲ್ಲವೂ ಕೈಗೆ ಸಿಗುತ್ತವೆ, ಸರ್ವೋ ಅಂತೂ ಕೇಸಿನ ಹೊರಬದಿಯಲ್ಲೇ ಇದೆ. ಆದರೆ ಸನ್ ಶೆಲ್, ಕ್ಲಚ್ ಪ್ಯಾಕ್, ಪಂಪಿನ ಒಳಭಾಗಗಳಿಗಾಗಿ ಇಡೀ ಗೇರ್‌ಬಾಕ್ಸನ್ನು ಮತ್ತೊಮ್ಮೆ ಇಳಿಸಬೇಕಾಗುತ್ತದೆ. ಹಾಗಾಗಿ ಈಗ ಬೆಂಚಿನ ಮೇಲಿರುವಾಗ ನಿಮ್ಮ ಹಣವೂ ಶ್ರಮವೂ ಗಟ್ಟಿ ಸನ್ ಶೆಲ್ಲಿಗೆ, ಒಳ್ಳೆಯ ಕ್ಲಚ್ ಪ್ಲೇಟುಗಳಿಗೆ ಹೋಗಲಿ. ಬಿಗಿತವನ್ನು ತುಸು ಕಡಿಮೆಯೇ ಇಟ್ಟು ಓಡಿಸಿ ನೋಡಿ. ಸಾಲದೆನಿಸಿದರೆ ಪ್ಯಾನ್ ಇಳಿಸಿ ಒಂದೇ ಒಂದು ಬದಲಾವಣೆ ಮಾಡಿ. ಎರಡನೆಯ ಸಲ ನಾನು ಕಾರ್ವೆಟ್ ಸರ್ವೋ ಮಾತ್ರ ಹಾಕಿ, ಸ್ಪ್ರಿಂಗುಗಳನ್ನು ಮೂಲದಂತೆಯೇ ಬಿಟ್ಟೆ. ಟ್ರೇಲರ್ ಎಳೆಯಲು ಅಷ್ಟೇ ಸಾಕಾಯಿತು.

ಎರಡನೆಯಿಂದ ಮೂರನೆಯ ಗೇರಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಲ್ಲಿ ಮೂರು-ನಾಲ್ಕರ ಕ್ಲಚ್ ಹಿಡಿಯುವ ಹೊತ್ತಿಗೇ ಬ್ಯಾಂಡ್ ಬಿಡಬೇಕು, ಮತ್ತು ಕ್ಲಚ್ಚಿಗೆ ಹೋಗುವ ಎಣ್ಣೆಯೇ ಸರ್ವೋವನ್ನು ಹಿಂದಕ್ಕೆ ತಳ್ಳುತ್ತದೆ. ಈ ಹೊಂದಾಣಿಕೆ ಕೆಟ್ಟರೆ ಒಂದೋ ಎಂಜಿನ್ ಹಿಡಿತವಿಲ್ಲದೆ ಒಮ್ಮೆಲೇ ಜೋರಾಗಿ ತಿರುಗುತ್ತದೆ, ಇಲ್ಲವೇ ಎರಡೂ ಒಂದಕ್ಕೊಂದು ಎದುರಾಗಿ ಹಿಡಿದು ಗಾಡಿ ಮುಗ್ಗರಿಸುತ್ತದೆ.

ಎರಡನೆಯ ಉತ್ತರ: ಮೇಲಿನ ಮಾತುಗಳನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಡ್ರಿಲ್ ಹಿಡಿಯುವ ಮೊದಲು ಪ್ರೆಷರ್ ಗೇಜ್ ಹಿಡಿಯುವ ಅಭ್ಯಾಸವಿರಲಿ. ಈ ಗೇರ್‌ಬಾಕ್ಸಿನಲ್ಲಿ ಒತ್ತಡವನ್ನು ಕಂಪ್ಯೂಟರ್ ಒಂದು ಸೊಲೆನಾಯ್ಡಿನ (ವಿದ್ಯುತ್ತಿನಿಂದ ನಡೆಯುವ ವಾಲ್ವ್) ಮೂಲಕ ನಿಯಂತ್ರಿಸುತ್ತದೆ: ಕರೆಂಟ್ ಹೆಚ್ಚಿದಷ್ಟೂ ಒತ್ತಡ ಇಳಿಯುತ್ತದೆ. ಒಂದು ಆಂಪಿಯರಿಗೆ ಸಮೀಪದಲ್ಲಿ ಸುಮಾರು 55ರಿಂದ 65 ಪಿಎಸ್‌ಐ, ಕರೆಂಟ್ ಹೆಚ್ಚುಕಡಿಮೆ ಇಲ್ಲವೆನ್ನುವಾಗ 170ರಿಂದ 190. ನನ್ನ ಪರಿಚಿತರೊಬ್ಬರ ಟ್ರಕ್ಕಿನಲ್ಲಿ ಒಂದರಿಂದ ಎರಡನೆಯ ಗೇರ್ ಧಡ್ಡೆಂದು ಬೀಳುತ್ತಿತ್ತು. ಕಿಟ್ಟಿನದೇ ತಪ್ಪೆಂದುಕೊಂಡು ವಾಲ್ವ್ ಬಾಡಿಯನ್ನು ಎರಡು ಸಲ ಇಳಿಸಿದ ಮೇಲೆ ಸ್ಕ್ಯಾನರಿನಲ್ಲಿ ಪಿ1870 ಕೋಡ್ (ಗೇರ್‌ಬಾಕ್ಸಿನಲ್ಲಿ ಏನೋ ಜಾರುತ್ತಿದೆ ಎಂಬ ದೋಷ ಸೂಚನೆ) ಕಂಡಿತು. ಟಾರ್ಕ್ ಕನ್ವರ್ಟರಿನ (ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ತಲುಪಿಸುವ ಭಾಗ) ಕ್ಲಚ್ಚನ್ನು ನಿಯಂತ್ರಿಸುವ ವಾಲ್ವಿನ ಬೋರ್ (ವಾಲ್ವ್ ಕೂರುವ ಕೊಳವೆ) ಸವೆದು ಎಣ್ಣೆ ಸೋರುತ್ತಿತ್ತು. ಆ ಜಾರಿಕೆಯನ್ನು ಗುರುತಿಸಿದ ಕಂಪ್ಯೂಟರ್ ಗೇರ್‌ಬಾಕ್ಸನ್ನು ಉಳಿಸಲೆಂದು ಒತ್ತಡವನ್ನು ಗರಿಷ್ಠಕ್ಕೆ ಏರಿಸಿತ್ತು. ನಿಮ್ಮ ಟ್ರಕ್ಕಿನ ವಯಸ್ಸಿಗೆ ಆ ಬೋರನ್ನು ಈಗಲೇ ಪರೀಕ್ಷಿಸುವುದು ಒಳಿತು. ಕಟ್ಟಿ ಮುಗಿಸಿದ ಮೇಲೆ, ಹಳೆಯ ಸವೆದ ಕ್ಲಚ್ಚಿಗೆ ತಕ್ಕಂತೆ ಕಂಪ್ಯೂಟರ್ ಕಲಿತಿಟ್ಟುಕೊಂಡಿರುವ ಒತ್ತಡದ ಲೆಕ್ಕವನ್ನು ಸ್ಕ್ಯಾನರಿನಿಂದ ಅಳಿಸಿ, ಕೆಲವು ದಿನ ಹದವಾಗಿ ಓಡಿಸಿ, ಅನಂತರವೇ ಬಿಗಿತ ಹೆಚ್ಚೋ ಕಡಿಮೆಯೋ ಎಂದು ತೀರ್ಮಾನಿಸಿ.

ಮೂರನೆಯ ಉತ್ತರ: ಕ್ಲಚ್ ಸುಟ್ಟದ್ದೇಕೆ ಎಂಬುದನ್ನು ಯಾರೂ ಕೇಳಿಲ್ಲ. ಇನ್‌ಪುಟ್ ಡ್ರಮ್ಮಿನ (ಈ ಕ್ಲಚ್ ಕೂರುವ ಡ್ರಮ್) ಪಿಸ್ಟನ್ ಸೀಲ್ ಹರಿದಿದ್ದರೆ ಅಥವಾ ಪಿಸ್ಟನ್ ಸೀಳಿದ್ದರೆ, ಸೆಪರೇಟರ್ ಪ್ಲೇಟಿನಲ್ಲಿ ಎಷ್ಟು ರಂಧ್ರ ಕೊರೆದರೂ ಎಣ್ಣೆ ಅಲ್ಲಿಂದಲೇ ಸೋರಿಹೋಗುತ್ತದೆ, ಹೊಸ ಕ್ಲಚ್ ಪ್ಲೇಟುಗಳೂ ಹಾಗೆಯೇ ಸುಡುತ್ತವೆ. ಡ್ರಮ್ ಕಟ್ಟಿದ ಮೇಲೆ ಕ್ಲಚ್ಚಿನ ಎಣ್ಣೆ ದಾರಿಗೆ ಕಂಪ್ರೆಸರಿನ ಗಾಳಿಯನ್ನು ಕಡಿಮೆ ಒತ್ತಡದಲ್ಲಿ ಬಿಟ್ಟು ನೋಡಿ: ಪ್ಲೇಟುಗಳು ಟಪ್ಪೆಂದು ಒಮ್ಮೆಗೇ ಕೂಡಬೇಕು, ಬುಸ್ಸೆನ್ನುವ ಸದ್ದು ನಿಲ್ಲದೆ ಬರಬಾರದು. ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳು) ಕ್ಲಚ್ ಪ್ಯಾಕಿನ ಸಂದನ್ನೂ ಅಳೆಯಿರಿ. ಸಂದು ಹೆಚ್ಚಾಗಿದ್ದರೆ ಪಿಸ್ಟನ್ ದೂರ ಸರಿಯಬೇಕಾಗಿ ಗೇರ್ ತಡವಾಗಿ ಬೀಳುತ್ತದೆ, ಆಗ ಅದನ್ನು ರಂಧ್ರ ಕೊರೆದು ಸರಿಪಡಿಸಲು ಹೋಗುವುದು ತಪ್ಪು.