ಸೀರಿಯಲ್ ಕ್ಯಾಮೆರಾದಿಂದ ಸಿನಿಮಾ ಛಾಯಾಗ್ರಹಣಕ್ಕೆ: ಫೋಕಸ್ ಪುಲ್ಲರ್ ಆಗಲೋ, ಕೋರ್ಸ್ ಸೇರಲೋ?

ಕಿಟಕಿಬೆಳಕು:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸೀರಿಯಲ್‌ನಲ್ಲಿ ಕ್ಯಾಮೆರಾ ಅಸಿಸ್ಟೆಂಟ್ ಆಗಿದ್ದೇನೆ. ಮೂರು ಕ್ಯಾಮೆರಾ, ಸೆಕೆಂಡಿಗೆ 25 ಫ್ರೇಮ್, ಎಲ್ಲಾ ಜೂಮ್ ಲೆನ್ಸ್. ಬೆಳಗ್ಗೆ ಹಾಲ್‌ಗೆ ಕಟ್ಟಿದ ಲೈಟ್ ಸಂಜೆವರೆಗೂ ಅಲ್ಲಾಡೋದಿಲ್ಲ. ಡಿಗ್ರಿ ಆಗಿದೆ. ಸಿನಿಮಾದಲ್ಲಿ ಸ್ವತಂತ್ರ ಛಾಯಾಗ್ರಾಹಕ ಆಗಬೇಕು ಅನ್ನೋದು ಗುರಿ. ಫೋಕಸ್ ಪುಲ್ಲಿಂಗ್ (ಶಾಟ್ ನಡೆಯುವಾಗ ನಟರ ಮೇಲೆ ಫೋಕಸ್ ಹಿಡಿದಿಡೋ ಕೆಲಸ) ಕಡೆ ಹೋಗಲೋ, ಮೂರು ವರ್ಷ ಕೊಟ್ಟು ಇನ್‌ಸ್ಟಿಟ್ಯೂಟ್ ಸೇರಲೋ? ಸೀರಿಯಲ್‌ನಲ್ಲಿ ಕಲಿತದ್ದು ಅಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತೆ?

ಟೇಪ್‌ಮಾರ್ಕ್:
ಮೊದಲು ಒಂದು ಮಾತು: ಫೋಕಸ್ ಪುಲ್ಲಿಂಗ್ ಬರೀ ಮೆಟ್ಟಿಲಲ್ಲ, ಅದೇ ಒಂದು ಪೂರ್ತಿ ಕಸುಬು. ಸೀರಿಯಲ್‌ನಲ್ಲಿ ಐರಿಸ್ (ಲೆನ್ಸಿನೊಳಗೆ ಬೆಳಕು ಬರೋ ಕಿಂಡಿ) 5.6ಕ್ಕೆ ಇಟ್ಟರೆ ನಟರು ಅರ್ಧ ಹೆಜ್ಜೆ ಆಚೀಚೆ ಆದರೂ ಸಾಮಾನ್ಯವಾಗಿ ನಡೆದುಹೋಗುತ್ತೆ. ಸಿನಿಮಾದಲ್ಲಿ ಹಾಗಲ್ಲ. ಸೂಪರ್ 35 (ಸಿನಿಮಾ ಕ್ಯಾಮೆರಾದ ಒಂದು ಅಳತೆ) ಸೆನ್ಸರ್, 85 ಎಂಎಂ ಲೆನ್ಸ್, ಐರಿಸ್ ಟಿ2 (ಟಿ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ನಟ ನಿಂತಿರೋದು 2 ಮೀಟರ್ ದೂರದಲ್ಲಿ ಅಂದುಕೊಳ್ಳಿ. ಶಾರ್ಪ್ ಆಗಿರೋ ಜಾಗ ಒಟ್ಟು 5-6 ಸೆಂಟಿಮೀಟರ್ ಅಷ್ಟೇ. ಕಣ್ಣು ಸರಿ ಇದ್ದರೆ ಕಿವಿ ಮಸುಕು. ಅದೇ ಜಾಗದಲ್ಲಿ 50 ಎಂಎಂ ಹಾಕಿದರೆ ಸುಮಾರು 16 ಸೆಂಟಿಮೀಟರ್ ಸಿಗುತ್ತೆ.

ನೇರವಾಗಿ ಫೋಕಸ್ ಯಾರೂ ಕೈಗೆ ಕೊಡಲ್ಲ. ಮೊದಲು ಸೆಕೆಂಡ್ ಅಸಿಸ್ಟೆಂಟ್: ಕ್ಲ್ಯಾಪ್, ಮಾರ್ಕ್, ಬ್ಯಾಟರಿ, ಲೆನ್ಸ್ ಬದಲಿ, ಕಾರ್ಡ್. ತುಂಬಿದ ಕಾರ್ಡಿನ ಮೇಲೆ ಟೇಪ್ ಅಂಟಿಸಿ ರೋಲ್ ನಂಬರ್ ಬರೆಯಿರಿ. ಎರಡು ಬೇರೆ ಡ್ರೈವ್‌ಗೆ ಕಾಪಿ ಆಗಿ, ಚೆಕ್‌ಸಮ್ (ಕಾಪಿ ಮೂಲದ ಹಾಗೇ ಇದೆಯಾ ಅಂತ ತೋರಿಸೋ ಸಂಖ್ಯೆ) ತಾಳೆಯಾಗಿ, ಡಿಐಟಿ (ಸೆಟ್‌ನಲ್ಲಿ ಫುಟೇಜ್ ನೋಡಿಕೊಳ್ಳೋ ತಂತ್ರಜ್ಞ) ಬಾಯಿಬಿಟ್ಟು ಹೇಳೋವರೆಗೂ ಫಾರ್ಮ್ಯಾಟ್ ಮಾಡಬಾರದು.

ಶೂಟಿಂಗ್‌ಗೆ ಮುಂಚಿನ ಕ್ಯಾಮೆರಾ ಟೆಸ್ಟ್‌ಗೆ ಹೇಗಾದರೂ ಹೋಗಿ. ಫೋಕಸ್ ಚಾರ್ಟ್ 2 ಮೀಟರ್‌ಗೆ ಇಟ್ಟು, ಐರಿಸ್ ಪೂರ್ತಿ ತೆರೆದು, ಪ್ರತಿ ಲೆನ್ಸಿನ ಸ್ಕೇಲೂ 2 ಮೀಟರ್ ತೋರಿಸ್ತಿದೆಯಾ ನೋಡಬೇಕು. ಟೇಪ್ ಹಿಡಿಯಬೇಕಾದ್ದು ಲೆನ್ಸಿನ ತುದಿಯಿಂದ ಅಲ್ಲ, ಬಾಡಿ ಮೇಲಿರೋ ಸೆನ್ಸರ್ ಗುರುತಿನಿಂದ. ಎಲ್ಲಾ ಲೆನ್ಸೂ ಒಂದೇ ದಿಕ್ಕಿಗೆ ತಪ್ಪು ತೋರಿಸಿದರೆ ಕ್ಯಾಮೆರಾದ ಮೌಂಟ್ (ಲೆನ್ಸ್ ಕೂರೋ ಜಾಗ) ಮೇಲೆ ಅನುಮಾನ. ಒಂದೇ ಲೆನ್ಸ್ ತಪ್ಪಿದರೆ ಅದನ್ನು ವಾಪಸ್ ಕಳಿಸಿ ಬೇರೆ ತರಿಸಿ.

ಥರ್ಮಾಕೋಲ್:
ಮೇಲಿನದ್ದೆಲ್ಲ ನಿಜ. ಆದರೆ ಫೋಕಸ್ ಪುಲ್ಲರ್ ಕಣ್ಣು ಇಡೀ ದಿನ ದೂರದ ಮೇಲಿರುತ್ತೆ, ಬೆಳಕಿನ ಮೇಲಲ್ಲ. ಸೀರಿಯಲ್‌ನಿಂದ ಬಂದವರಿಗೆ ಕಡಿಮೆ ಬೀಳೋದು ಬೆಳಕಿನ ತೀರ್ಮಾನವೇ. ಮೂರು ಕ್ಯಾಮೆರಾಕ್ಕೂ ಮುಖ ಕಾಣಬೇಕು ಅಂತ ಎಲ್ಲಾ ಕಡೆಯಿಂದ ತುಂಬಿಸಿದ ಬೆಳಕು ಅದು. ಒಂದೇ ಕ್ಯಾಮೆರಾದಲ್ಲಿ ಪ್ರತಿ ಶಾಟ್‌ಗೂ ಲೈಟ್ ಜರುಗಿಸಬೇಕು, ಜರುಗಿಸಿದ್ದು ಕಟ್‌ನಲ್ಲಿ ಗೊತ್ತಾಗಬಾರದು.

ಒಂದು ಲೆಕ್ಕ ಬಾಯಿಪಾಠ ಆಗಿರಲಿ. ಲೈಟಿನಿಂದ 1 ಮೀಟರ್ ದೂರ ಇದ್ದ ನಟಿ 2 ಮೀಟರ್‌ಗೆ ನಡೆದರೆ ಪೂರ್ತಿ ಎರಡು ಸ್ಟಾಪ್ ಬೆಳಕು ಇಳಿಯುತ್ತೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಅದೇ ಲೈಟನ್ನು ಹಿಂದಕ್ಕೆ ಒಯ್ದು, ಆಕೆ 4 ಮೀಟರಿನಿಂದ 5ಕ್ಕೆ ನಡೆಯೋ ಹಾಗೆ ಮಾಡಿದರೆ ಇಳಿಯೋದು ಮುಕ್ಕಾಲು ಸ್ಟಾಪಿಗಿಂತ ಕಡಿಮೆ. ಬಾಗಿಲಿನಿಂದ ಸೋಫಾವರೆಗೆ ನಡೆಯೋ ದೃಶ್ಯಕ್ಕೆ ದೊಡ್ಡ ಲೈಟನ್ನು ಕಿಟಕಿಯ ಆಚೆ ದೂರದಲ್ಲಿ ನಿಲ್ಲಿಸೋದು ಇದಕ್ಕೇ.

ರಜೆ ದಿನ ಒಂದು ಕಿಟಕಿ, ಒಂದು ಥರ್ಮಾಕೋಲ್ ಶೀಟ್, ಒಂದು ಕಪ್ಪು ಬಟ್ಟೆ ಸಾಕು. ಕಿಟಕಿ ಕಡೆಯ ಕೆನ್ನೆ ಲೈಟ್ ಮೀಟರಿನಲ್ಲಿ ಟಿ4 ಬಂದು, ನೆರಳಿನ ಕೆನ್ನೆ ಟಿ2 ಬಂದರೆ ಎರಡು ಸ್ಟಾಪ್ ವ್ಯತ್ಯಾಸ, ಅಂದರೆ 4:1. ಥರ್ಮಾಕೋಲ್ ಹತ್ತಿರ ತಂದು ಅದನ್ನು 2:1ಕ್ಕೆ ಇಳಿಸಿ. ಆಮೇಲೆ ಅದನ್ನು ತೆಗೆದು ಕಪ್ಪು ಬಟ್ಟೆ ಹಿಡಿದು 8:1ಕ್ಕೆ ಏರಿಸಿ. ಬಿಳಿ ಗೋಡೆಯ ಸಣ್ಣ ರೂಮಿನಲ್ಲಿ ಈ ಕೊನೆಯದು ಸುಲಭಕ್ಕೆ ಆಗಲ್ಲ, ಗೋಡೆಯೇ ಬೆಳಕು ವಾಪಸ್ ಎಸೆಯುತ್ತೆ. ಬಟ್ಟೆಯನ್ನು ಫ್ರೇಮಿನ ಅಂಚಿನವರೆಗೂ ತನ್ನಿ.

ಇನ್‌ಸ್ಟಿಟ್ಯೂಟ್ ವಿಚಾರ: ಡಿಗ್ರಿ ಇರೋದರಿಂದ ಪುಣೆಯ ಎಫ್‌ಟಿಐಐ (ಫಿಲ್ಮ್ ಮತ್ತು ಟೆಲಿವಿಷನ್ ಇನ್‌ಸ್ಟಿಟ್ಯೂಟ್), ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ ಎರಡಕ್ಕೂ ಪ್ರಯತ್ನಿಸಬಹುದು. ನಮ್ಮಲ್ಲೇ ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಇದೆ. ತಪ್ಪು ಮಾಡಿ ಮತ್ತೆ ತೆಗೆಯೋ ಅವಕಾಶ ಅಲ್ಲಿದೆ, ಸೆಟ್‌ನಲ್ಲಿ ಅದಿಲ್ಲ. ಆದರೆ ಕೋರ್ಸ್ ಮುಗಿದ ಕೂಡಲೇ ಸಿನಿಮಾ ಸಿಗುತ್ತೆ ಅಂದುಕೊಳ್ಳಬೇಡಿ. ಮೈಸೂರಿನ ವಿ.ಕೆ. ಮೂರ್ತಿಯವರು 1940ರ ದಶಕದಲ್ಲಿ ಬೆಂಗಳೂರಿನ ಎಸ್‌ಜೆಪಿಯಲ್ಲಿ (ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್) ಡಿಪ್ಲೊಮಾ ಮಾಡಿದವರು. ಆಮೇಲೆ ಬಾಂಬೆಯಲ್ಲಿ ಸಹಾಯಕರಾಗಿ ದುಡಿದೇ ಗುರುದತ್ ಅವರ ಛಾಯಾಗ್ರಾಹಕರಾದದ್ದು. ಛಾಯಾಗ್ರಾಹಕರೊಬ್ಬರಿಗೆ ಮೊದಲ ಬಾರಿ ಫಾಲ್ಕೆ ಪ್ರಶಸ್ತಿ ಬಂದದ್ದೂ ಅವರಿಗೇ, 2008ನೇ ಸಾಲಿಗೆ.

ಕಿಟಕಿಬೆಳಕು:
ತುಂಬಾ ಥ್ಯಾಂಕ್ಸ್ ಸರ್. ಗೆಳೆಯರ ಕಿರುಚಿತ್ರವೊಂದನ್ನು 24 ಫ್ರೇಮ್‌ನಲ್ಲಿ ತೆಗೆಯೋದಿದೆ, ಮನೆಯ ಎಲ್ಇಡಿ ಬಲ್ಬ್ ಫ್ರೇಮಿನಲ್ಲೇ ಇರುತ್ತೆ. ಟೆಸ್ಟ್ ಶಾಟ್‌ನಲ್ಲಿ ಗೋಡೆ ಮಿಣುಕುತ್ತಿದೆ. ಸೀರಿಯಲ್ ಸೆಟ್‌ನಲ್ಲಿ ಇದು ಕಂಡದ್ದೇ ಇಲ್ಲ.

172ಪಾಯಿಂಟ್8:
ಕಾಣೋಲ್ಲ, ಯಾಕೆಂದರೆ 25 ಫ್ರೇಮ್‌ಗೆ 180 ಡಿಗ್ರಿ ಶಟರ್ (ಪ್ರತಿ ಫ್ರೇಮಿನ ಅರ್ಧ ಹೊತ್ತು ಮಾತ್ರ ತೆರೆದಿರೋದು) ಅಂದರೆ ಸರಿಯಾಗಿ 1/50 ಸೆಕೆಂಡ್. ನಮ್ಮ ಕರೆಂಟ್ 50 ಹರ್ಟ್ಸ್, ಬಲ್ಬ್ ಸೆಕೆಂಡಿಗೆ 100 ಸಲ ಏರಿಳಿಯುತ್ತೆ. ಪ್ರತಿ ಫ್ರೇಮಿಗೂ ಪೂರ್ತಿ ಎರಡು ಏರಿಳಿತ ಸಿಗುತ್ತೆ, ಹಾಗಾಗಿ ಎಲ್ಲಾ ಫ್ರೇಮೂ ಸಮ. 24 ಫ್ರೇಮ್‌ಗೆ 180 ಡಿಗ್ರಿ ಇಟ್ಟರೆ 1/48 ಆಗುತ್ತೆ, ಒಂದು ಫ್ರೇಮಿಗೆ ಸ್ವಲ್ಪ ಹೆಚ್ಚು, ಇನ್ನೊಂದಕ್ಕೆ ಸ್ವಲ್ಪ ಕಡಿಮೆ ಬೆಳಕು ಬೀಳುತ್ತೆ. ಶಟರ್ 172.8 ಡಿಗ್ರಿಗೆ ಇಡಿ, ಮತ್ತೆ 1/50 ಆಗುತ್ತೆ. ಸ್ಲೋ ಮೋಷನ್‌ಗೆ 48 ಫ್ರೇಮ್ ಇಟ್ಟರೂ ಅದೇ 172.8, ಆಗ 1/100. ಒಳಾಂಗಣದಲ್ಲಿ ಮನೆ ಬಲ್ಬ್ ಇಟ್ಟುಕೊಂಡು 100 ಫ್ರೇಮ್ ದಾಟಬೇಡಿ.

ಇಷ್ಟು ಮಾಡಿಯೂ ಮಿಣುಕಿದರೆ ಡಿಮ್ಮರ್ ಮೇಲೆ ಅನುಮಾನಪಡಿ. ಅಗ್ಗದ ಎಲ್ಇಡಿ ಡಿಮ್ಮರ್‌ಗಳು ದೀಪವನ್ನು ಬೇಗ ಬೇಗ ಆರಿಸಿ ಹಚ್ಚಿ ಬೆಳಕು ಇಳಿಸುತ್ತವೆ, ಅದರ ಲಯಕ್ಕೂ ಕರೆಂಟಿನ 50ಕ್ಕೂ ಸಂಬಂಧವಿಲ್ಲ. ಬಲ್ಬ್ ಪೂರ್ತಿ ಉರಿಸಿ, ಶೇಡಿನ ಒಳಗೆ ಎನ್‌ಡಿ ಜೆಲ್ (ಬಣ್ಣ ಬದಲಿಸದೆ ಬೆಳಕು ತಗ್ಗಿಸೋ ಬೂದು ಹಾಳೆ) ಸುತ್ತಿ ಬೆಳಕು ಇಳಿಸಿ: 0.3 ಒಂದು ಸ್ಟಾಪ್, 0.6 ಎರಡು. ಟೆಸ್ಟ್ ತೆಗೆದು ಕ್ಯಾಮೆರಾದ ಸಣ್ಣ ಸ್ಕ್ರೀನಿನಲ್ಲಿ ನೋಡಿ ಬಿಡಬೇಡಿ, ನಿಧಾನದ ಮಿಣುಕು ಅಲ್ಲಿ ತಪ್ಪಿಹೋಗುತ್ತೆ. ಕನಿಷ್ಠ 20 ಸೆಕೆಂಡ್ ಲಾಕ್ ಶಾಟ್ (ಕ್ಯಾಮೆರಾ ಅಲ್ಲಾಡಿಸದ ಶಾಟ್) ತೆಗೆದು, ದೊಡ್ಡ ಮಾನಿಟರ್‌ನಲ್ಲಿ ಖಾಲಿ ಗೋಡೆಯನ್ನೇ ನೋಡಿ.

ಟೇಪ್‌ಮಾರ್ಕ್:
ಈ ಕಿರುಚಿತ್ರದಿಂದಲೇ ರೀಲ್ (ನಿಮ್ಮ ಕೆಲಸ ತೋರಿಸೋ ವಿಡಿಯೋ) ಶುರು ಮಾಡಿ. ಹಾಡಿಗೆ ಕತ್ತರಿಸಿದ ಚಂದದ ಶಾಟ್‌ಗಳ ಮಾಲೆ ಬೇಡ. ಎರಡು ಮೂರು ನಿಮಿಷದೊಳಗೆ ಒಂದೆರಡು ಪೂರ್ತಿ ದೃಶ್ಯ ಹಾಕಿ: ವೈಡ್, ಎರಡೂ ಕಡೆಯ ಕ್ಲೋಸ್‌ಅಪ್, ಮಾತು ಸಮೇತ. ವೈಡ್‌ನಲ್ಲಿ ಎಡಗಡೆಯಿಂದ ಬಂದ ಬೆಳಕು ಕ್ಲೋಸ್‌ಅಪ್‌ನಲ್ಲೂ ಅಲ್ಲಿಂದಲೇ ಬಂತಾ ಅನ್ನೋದನ್ನು ನಿರ್ದೇಶಕರು ಅದರಲ್ಲೇ ನೋಡ್ತಾರೆ.