ಪದಚರ್ಚೆ: ಅಪಾಪ್ಟೋಸಿಸ್‌ಗೆ ‘ಕೋಶದ ಆತ್ಮಹತ್ಯೆ’ ಬೇಡ, ಮತ್ತೇನನ್ನೋಣ?

ಎಲ್ಲರಿಗೂ ನಮಸ್ಕಾರ.

ವಿಜ್ಞಾನ ಸಮ್ಮೇಳನವೊಂದರ ಕೋಶವಿಜ್ಞಾನ ಗೋಷ್ಠಿಗಳ ಸಾರವನ್ನು ಕನ್ನಡದಲ್ಲಿ ಬರೆಯುವ ಕೆಲಸ ಹಿಡಿದಿದ್ದೇನೆ. ಓದುವವರು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಕನ್ನಡ ಮಾಧ್ಯಮದ ಮಕ್ಕಳು, ಅವರ ಮಾಷ್ಟ್ರು, ಟೀಚರುಗಳು. ಹೆಚ್ಚಿನ ಪದಗಳು ತೊಂದರೆ ಕೊಡಲಿಲ್ಲ. ಜೀವಕೋಶ, ಕೋಶಪೊರೆ, ಕೋಶಭಿತ್ತಿ, ವರ್ಣತಂತು ಎಲ್ಲ ರೂಢಿಯಲ್ಲಿವೆ. ಮೈಟೊಕಾಂಡ್ರಿಯ, ಪ್ರೋಟೀನು ಇದ್ದಂತೆಯೇ ಇರಲಿ. ‘ಗೋಷ್ಠಿ’ ಸಾಕು, ‘ಅಧಿವೇಶನ’ ಅಂದರೆ ವಿಧಾನಸಭೆಯ ನೆನಪಾಗುತ್ತದೆ. ಕೆಲಸ ನಿಂತಿರುವುದು ಒಂದು ಪದದ ಹತ್ತಿರ: ಅಪಾಪ್ಟೋಸಿಸ್, ಅಂದರೆ ದೇಹಕ್ಕೆ ಬೇಡವಾದ ಕೋಶ ಕ್ರಮವಾಗಿ ಸಾಯುವ ಒಂದು ಬಗೆ.

ಇದನ್ನು ‘ಜೀವಕೋಶದ ಆತ್ಮಹತ್ಯೆ’ ಎಂದು ಬರೆಯುವ ರೂಢಿ ಕನ್ನಡದಲ್ಲಿ ಬೇರೂರುತ್ತಿದೆ. ನನಗೆ ಅದು ಒಪ್ಪಿಗೆಯಿಲ್ಲ. ಹೈಸ್ಕೂಲಿನ ಒಂದು ತರಗತಿಯಲ್ಲಿ ಅಂಥ ಸಾವನ್ನು ಮನೆಯೊಳಗೇ ಕಂಡ ಮಗುವೂ ಕೂತಿರಬಹುದು. ಆ ಮಗುವಿನ ಮುಂದೆ ಈ ಪದವನ್ನು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯಲು ನನ್ನಿಂದಾಗದು. ಮಾತು ಇಷ್ಟಕ್ಕೇ ಮುಗಿಯುವುದಿಲ್ಲ, ವಿಜ್ಞಾನದ ದೃಷ್ಟಿಯಿಂದಲೂ ಅದು ಸರಿಹೊಂದದು. ಈ ಸಾವಿಗೆ ಅಪ್ಪಣೆ ಎಷ್ಟೋ ಸಲ ಹೊರಗಿನಿಂದ ಬರುತ್ತದೆ. ವೈರಸ್ ಹೊಕ್ಕ ಕೋಶವನ್ನು ನಮ್ಮ ರಕ್ಷಣಾ ವ್ಯವಸ್ಥೆಯ ಟಿ ಕೋಶ ಗುರುತಿಸಿ, ಸಾಯುವಂತೆ ಮಾಡುವುದು ಇದೇ ದಾರಿಯಲ್ಲಿ. ಅಲ್ಲಿ ‘ಆತ್ಮ’ ಎಲ್ಲಿ ಬಂತು?

ಪದ ಹುಡುಕುವವರಿಗೆ ಅನುಕೂಲವಾಗಲೆಂದು ನಡೆಯುವುದೇನು ಎಂಬುದನ್ನು ಹೇಳುತ್ತೇನೆ. ಕೋಶ ಮೊದಲು ಕುಗ್ಗುತ್ತದೆ. ಒಳಗಿನ ವರ್ಣತಂತುಗಳ ದ್ರವ್ಯ ಒತ್ತಾಗಿ ಮುದ್ದೆಗಟ್ಟುತ್ತದೆ. ಪೊರೆಯ ಮೇಲೆ ಗುಳ್ಳೆಗಳೇಳುತ್ತವೆ. ಕ್ಯಾಸ್ಪೇಸ್ ಎಂಬ ಕಿಣ್ವಗಳು ಒಳಗಿನ ಪ್ರೋಟೀನುಗಳನ್ನು ಆಯ್ದ ಜಾಗದಲ್ಲಿ ಕತ್ತರಿಸುತ್ತವೆ. ಕೊನೆಗೆ ಇಡೀ ಕೋಶ ಪೊರೆ ಸುತ್ತಿಕೊಂಡ ಸಣ್ಣ ತುಣುಕುಗಳಾಗುತ್ತದೆ. ಒಳಗಿನದು ಹೊರಗೆ ಚೆಲ್ಲುವುದಿಲ್ಲ. ಪೊರೆಯ ಒಳಮೈಯಲ್ಲಿರುವ ಫಾಸ್ಫಟೈಡಿಲ್‌ಸೆರೀನ್ ಎಂಬ ಅಣು ಹೊರಮೈಗೆ ಬಂದು ಗುರುತು ಕೊಡುತ್ತದೆ, ನೆರೆಯ ಕೋಶಗಳು ತುಣುಕುಗಳನ್ನು ನುಂಗಿಬಿಡುತ್ತವೆ. ಉರಿಯಿಲ್ಲ, ಊತವಿಲ್ಲ. ಗೊದಮೊಟ್ಟೆಯ ಬಾಲ ಕರಗುವುದು ಹೀಗೆ. ಗರ್ಭದಲ್ಲಿರುವಾಗ ನಮ್ಮ ಬೆರಳುಗಳ ನಡುವಿನ ಚರ್ಮ ಹೋಗಿ ಬೆರಳು ಬೆರಳಾಗುವುದೂ ಹೀಗೆಯೇ.

ಎಷ್ಟು ಕರಾರುವಾಕ್ಕಾಗಿ ನಡೆಯುತ್ತದೆ ಅಂದರೆ, ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಅದನ್ನು ಲೆಕ್ಕ ಹಾಕಿಯೇ ಇಟ್ಟಿದ್ದಾರೆ. ಅದರ ದ್ವಿಲಿಂಗಿ ಹುಳು ಬೆಳೆಯುವಾಗ 1090 ದೇಹಕೋಶಗಳು ಹುಟ್ಟುತ್ತವೆ, 131 ಸಾಯುತ್ತವೆ, 959 ಉಳಿಯುತ್ತವೆ. ಹುಳುವಿನಿಂದ ಹುಳುವಿಗೆ ಸಾಯುವವು ಅವೇ 131. ಈ ಕೆಲಸಕ್ಕಾಗಿ ಬ್ರೆನ್ನರ್, ಹಾರ್ವಿಟ್ಜ್, ಸಲ್ಸ್ಟನ್ ಮೂವರಿಗೂ 2002ರಲ್ಲಿ ನೊಬೆಲ್ ಬಂತು. ಇಂಥ ಲೆಕ್ಕಾಚಾರದ ಸಾವಿಗೆ ಹತಾಶೆಯ ಪದ ಹೇಗೆ ಹೊಂದೀತು?

‘ಯೋಜಿತ ಕೋಶಮರಣ’ ಎಂದು ಸೂಚಿಸುವವರಿದ್ದಾರೆ. ಅದು ಒಳ್ಳೆಯ ಪದವೇ, ಆದರೆ ವ್ಯಾಪ್ತಿ ದೊಡ್ಡದು. ಯೋಜಿತ ಸಾವಿನಲ್ಲಿ ಬಗೆಗಳು ಹಲವು, ಅಪಾಪ್ಟೋಸಿಸ್ ಅವುಗಳಲ್ಲೊಂದು. ಇಡೀ ಕುಲದ ಹೆಸರನ್ನು ಒಬ್ಬನಿಗೇ ಇಟ್ಟರೆ ಉಳಿದವರನ್ನು ಏನೆಂದು ಕರೆಯುವುದು?

ಮೂಲಪದವನ್ನು ನೋಡಿದರೆ ದಾರಿ ಕಾಣುತ್ತದೆ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ಈ ಹೆಸರಿಟ್ಟರು. ಅದಕ್ಕೂ ಮೊದಲು ಕೆರ್ ಇದನ್ನು ‘ಕುಗ್ಗುವ ನೆಕ್ರೋಸಿಸ್’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು (ನೆಕ್ರೋಸಿಸ್ ಅಂದರೆ ಪೆಟ್ಟು, ರೋಗಗಳಿಂದ ಕೋಶ ಕೆಟ್ಟು ಸಾಯುವುದು). ಹೊಸ ಹೆಸರನ್ನು ಸೂಚಿಸಿದವರು ಅಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕರು. ಗ್ರೀಕಿನಲ್ಲಿ ಅದರರ್ಥ ಮರದಿಂದ ಎಲೆ, ಹೂವಿನಿಂದ ಎಸಳು ಕಳಚಿ ಬೀಳುವುದು.

ಅಡಿಕೆ ತೋಟದ ನಡುವೆ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೋಗೆ, ಅಂದರೆ ಅಡಿಕೆಯ ಗರಿ, ಹಣ್ಣಾಗುತ್ತ ಬಂದಂತೆ ಕಾಂಡವನ್ನು ಸುತ್ತಿಕೊಂಡಿರುವ ಅದರ ಬುಡದ ಹಾಳೆ ಮರದಿಂದ ಬಿಡಿಸಿಕೊಳ್ಳುತ್ತದೆ. ಯಾರೂ ಕೊಯ್ಯಬೇಕಾಗಿಲ್ಲ, ಗಾಳಿಯೂ ಬೇಕಾಗಿಲ್ಲ. ಬಿದ್ದ ಜಾಗದಲ್ಲಿ ಕಾಂಡದ ಸುತ್ತ ಒಂದು ಬಳೆಯ ಗುರುತು ಉಳಿಯುತ್ತದೆ. ಹಾಳೆ ಬಿದ್ದ ಮೇಲೆಯೇ ಅದರ ಕಂಕುಳಲ್ಲಿದ್ದ ಹಿಂಗಾರ, ಅಂದರೆ ಹೂಗೊಂಚಲು, ಹೊರಗೆ ಕಾಣುವುದು. ಹವ್ಯಕರ ಮನೆಯಲ್ಲಿ ‘ಹಾಳೆ ಬಿದ್ದತ್ತು’ ಅನ್ನುತ್ತಾರೆ, ತುಳುವಿನವರು ಪಾಳೆ ಅನ್ನುತ್ತಾರೆ, ಮಲಯಾಳದವರು ಪಾಳ ಅನ್ನುತ್ತಾರೆ. ಮಾತು ಮೂರಾದರೂ, ಹಾಳೆ ಸತ್ತಿತು ಅಥವಾ ಮರ ಹಾಳೆಯನ್ನು ಕೊಂದಿತು ಎಂದು ಹೇಳಿದವರನ್ನು ನಾನು ಕಂಡಿಲ್ಲ. ಅದೇ ತೋಟದಲ್ಲಿ ಮಳೆಗಾಲಕ್ಕೆ ಕೊಳೆರೋಗ ಬಂದು ಎಳೆಯ ಕಾಯಿ ಬಿದ್ದರೆ ಮಾತಿನ ದಾಟಿಯೇ ಬೇರೆ. ಬೀಳುವುದು ಎರಡೂ ಬೀಳುವುದೇ. ಒಂದು ಕ್ರಮ, ಇನ್ನೊಂದು ಕೇಡು. ಅಪಾಪ್ಟೋಸಿಸ್‌ಗೂ ನೆಕ್ರೋಸಿಸ್‌ಗೂ ಇರುವ ಅಂತರ ಇದೇ ಅಲ್ಲವೇ?

ಆದ್ದರಿಂದ ನನ್ನ ಸೂಚನೆ: ಕಳಚಳಿವು. ಕಳಚು ಮತ್ತು ಅಳಿವು ಸೇರಿ ಲೋಪಸಂಧಿ. ‘ಕೋಶಕಳಚು’ ಎಂದೂ ಯೋಚಿಸಿದ್ದೆ, ಅರಿಸಮಾಸ ಎಂಬ ತಕರಾರು ಬಂದೀತು (ಕೋಶಪೊರೆಗೆ ಯಾರೂ ತಕರಾರೆತ್ತಿಲ್ಲ ಅನ್ನುವುದು ಬೇರೆ ಮಾತು). ವಾಕ್ಯದಲ್ಲಿಟ್ಟು ನೋಡಿ: ‘ಗೊದಮೊಟ್ಟೆಯ ಬಾಲ ಕಳಚಳಿವಿನಿಂದ ಕರಗುತ್ತದೆ.’ ‘ಕಳಚಳಿವಿಗೆ ಒಪ್ಪದ ಕೋಶ ಕ್ಯಾನ್ಸರಿನ ಹಾದಿ ಹಿಡಿಯಬಹುದು.’ ಪೊರೆ ಸುತ್ತಿದ ತುಣುಕುಗಳಿಗೆ ‘ಕಳಚುತುಣುಕು’ ಎನ್ನಬಹುದು. ‘ಉದುರು’ ಬೇಡ ಅನ್ನಿಸಿತು. ಸಸ್ಯವಿಜ್ಞಾನದವರಿಗೆ ಎಲೆ ಉದುರುವುದನ್ನು ಹೇಳಲು ಅದು ಬೇಕು, ಮತ್ತು ಎಲೆ ಉದುರುವ ಕ್ರಿಯೆಯೇ ಅಪಾಪ್ಟೋಸಿಸ್ ಅಲ್ಲ. ಗಿಡದ ಕೋಶಕ್ಕೆ ಗಟ್ಟಿ ಭಿತ್ತಿಯಿರುವುದರಿಂದ ನೆರೆಯ ಕೋಶ ಅದನ್ನು ನುಂಗುವ ಮಾತೇ ಇಲ್ಲ.

ಸಂಸ್ಕೃತದ ಪದ ಸುಲಭವಲ್ಲವೇ ಎಂದು ಕೇಳುವವರಿಗೆ ನಮ್ಮ ಊರಿನ ಕಷ್ಟವನ್ನು ಹೇಳಬೇಕು. ಮಲಯಾಳದಲ್ಲಿ ಕೋಶವಿಭಜನೆಯ ಎರಡು ಬಗೆಗಳಾದ ಮೈಟೋಸಿಸ್‌ಗೆ ‘ಕ್ರಮಭಂಗಂ’, ಮಿಯೋಸಿಸ್‌ಗೆ ‘ಊನಭಂಗಂ’, ನ್ಯೂಕ್ಲಿಯಸ್‌ಗೆ ‘ಮರ್ಮಂ’, ಅಂಗಾಂಶಕ್ಕೆ ‘ಕಲ’ ಎಂಬ ಪದಗಳಿವೆ. ಮಲಯಾಳದ ಕಿವಿಗೆ ಅವು ಸರಿಯೇ. ಕನ್ನಡದ ಮಗುವಿಗೆ ಕ್ರಮಭಂಗ ಎಂದರೆ ಕ್ರಮ ತಪ್ಪಿದ್ದು. ಕೋಶದೊಳಗೆ ಮೈಟೋಸಿಸ್‌ನಷ್ಟು ಕ್ರಮಬದ್ಧವಾದ ಕೆಲಸ ಇನ್ನೊಂದಿದೆಯೇ? ‘ಕಲ’ ಎಂದು ಕೇಳಿ ಸ್ಲೈಡಿನ ಮೇಲಿನ ಕಲೆಯನ್ನು ಹುಡುಕಿದರೆ ಮಗುವಿನ ತಪ್ಪಲ್ಲ. ಎರಡು ಭಾಷೆಯ ಪಾಠ ಕೇಳುವ ಮಕ್ಕಳಿಗೆ ಅಚ್ಚಗನ್ನಡದ ಪದ ಇಂಥ ಗೊಂದಲದಿಂದ ದೂರ.

ಅದೇ ಗೋಷ್ಠಿಯಲ್ಲಿ ಆಟೊಫೇಜಿಯೂ ಇದೆ. ಹಸಿದ ಕೋಶ ತನ್ನದೇ ಹಳೆಯ ಭಾಗಗಳನ್ನು ಜೀರ್ಣಿಸಿಕೊಂಡು ಬದುಕುವುದು. ಯೀಸ್ಟಿನಲ್ಲಿ ಅದರ ಒಳಗುಟ್ಟು ಬಿಡಿಸಿದ ಒಸುಮಿಯವರಿಗೆ 2016ರಲ್ಲಿ ನೊಬೆಲ್ ಬಂತು. ‘ಸ್ವಭಕ್ಷಣೆ’ ಎಂದು ಬರೆದಿದ್ದೇನೆ, ಸಾಕು ಅನ್ನಿಸುತ್ತದೆ. ಪಕ್ಕದಲ್ಲೇ ‘ಆತ್ಮಹತ್ಯೆ’ಯೂ ಇದ್ದರೆ ಎರಡೂ ಒಂದೇ ಎಂದು ಮಕ್ಕಳು ತಿಳಿಯುವ ಸಂಭವ ಹೆಚ್ಚು, ಇದೊಂದು ಬದುಕುವ ಉಪಾಯ ಎನ್ನುವುದೇ ಮರೆಯಾದೀತು.

ಇನ್ನು ನೆಕ್ರೋಸಿಸ್. ಕೋಶ ಉಬ್ಬಿ, ಪೊರೆ ಒಡೆದು, ಒಳಗಿನದು ಚೆಲ್ಲಿ ಸುತ್ತ ಉರಿಯೂತ ಹುಟ್ಟುವ ಸಾವು. ‘ಕೊಳೆ’ ಎನ್ನೋಣವೆಂದರೆ ಎಲೆಯ ಅಂಚು ಒಣಗಿ ಕಂದಾಗುವುದನ್ನೂ ನೆಕ್ರೋಸಿಸ್ ಎನ್ನುತ್ತಾರೆ, ಅಲ್ಲಿ ಕೊಳೆಯುವುದೇನೂ ಇಲ್ಲ. ‘ಕೆಟ್ಟಳಿವು’ ಸ್ವಲ್ಪ ಸಪ್ಪೆ. ತಮಿಳುನಾಡಿನ ತಾಳವಾಡಿ, ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಕಡೆಯ ಕನ್ನಡಿಗರು ಹೇಳಬೇಕು: ರೋಗದಿಂದಲೋ ಬಿಸಿಲಿನ ಹೊಡೆತದಿಂದಲೋ ಗಿಡದ ಒಂದು ಭಾಗ ಮಾತ್ರ ಸತ್ತರೆ ನಿಮ್ಮ ಹೊಲದಲ್ಲಿ ಏನನ್ನುತ್ತಾರೆ? ಗಾಯದ ಸುತ್ತಲಿನ ಮಾಂಸ ಸತ್ತರೆ ಮನೆಯ ಹಿರಿಯರು ಬಳಸುವ ಪದ ಯಾವುದು? ಕಳಚಳಿವಿಗೆ ಜೋಡಿಯಾಗಿ ನಿಲ್ಲುವ, ಕೇಡಿನ ಸುಳಿವು ಕೊಡುವ ಪದ ಬೇಕಾಗಿದೆ. ಕಳಚಳಿವು ಸರಿಯಿಲ್ಲ ಅನ್ನಿಸಿದವರು, ಬದಲಿ ಪದವನ್ನು ಒಂದು ವಾಕ್ಯದಲ್ಲಿಟ್ಟು ಬರೆದರೆ ಉಪಕಾರವಾಗುತ್ತದೆ.